ಡ್ರಿಲ್ ಮಾಸ್ಟರ ಸಹಿ

ಬಾಗಿಲು ಮುಂದಕ್ಕೆ ಮಾಡಿ, ಹತ್ತಿರ ಬನ್ನಿ... ಹ್ಞಾಂ, ಸಾಕು. ಇದು ಎಲ್ಲೋ ಯಾರಿಗೋ ಆದದ್ದಲ್ಲ. ನನ್ನ ತಂಗಿ ಮಗನಿಗೇ ಆದದ್ದು.

ಅವನು ಸರ್ಕಾರಿ ಹೈಸ್ಕೂಲಿನಲ್ಲಿ ಗುಮಾಸ್ತ. ಆ ರಾತ್ರಿ ಹತ್ತೂವರೆಗೆ ಆಫೀಸಿಗೆ ಬೀಗ ಜಡಿದು, ಮೈದಾನ ದಾಟಿ, ಸ್ಕೂಲಿನ ಹಳೇ ಬಾವಿ ಪಕ್ಕದ ದಾರಿ ಹಿಡಿದಿದ್ದ. ಮೈಯೆಲ್ಲ ಉರಿ. ಜ್ವರವಲ್ಲ, ಸಿಟ್ಟು.

ಸಿಟ್ಟು ಬಾರದೆ ಇನ್ನೇನು? ಹೆಂಡತಿ ಇರುವ ಊರಿಗೆ ವರ್ಗದ ಆದೇಶ ಬಂದು ತಿಂಗಳಾಗುತ್ತಾ ಬಂದಿತ್ತು. ಮಗಳು ಹುಟ್ಟಿ ಎಂಟು ತಿಂಗಳು, ಎತ್ತಿಕೊಂಡದ್ದು ಎರಡೇ ಸಲ. ಮಾರನೇ ದಿನ ಸಂಜೆಯೊಳಗೆ ಅಲ್ಲಿ ಹೋಗಿ ಸೇರದಿದ್ದರೆ ಆದೇಶವೇ ರದ್ದು. ಆದರೆ ಇವರು ಬಿಡಬೇಕಲ್ಲ! ಬಿಡುವ ಮೊದಲು ಒಂದು ಕಾಗದ ತುಂಬಬೇಕು. ಸ್ಕೂಲಿನ ಸಾಮಾನು ಯಾವುದೂ ಇವನ ಹತ್ತಿರ ಉಳಿದಿಲ್ಲ ಅಂತ ಲೈಬ್ರರಿಯವರದು, ಲ್ಯಾಬಿನವರದು, ಹೀಗೆ ಆರು ಜನರ ಸಹಿ, ಕೊನೆಗೆ ಹೆಡ್‌ಮಾಸ್ಟರದು. ಐದು ಆಗಿತ್ತು. ಆರನೆಯದು ಡ್ರಿಲ್ ಮಾಸ್ಟರದು. ಡ್ರಿಲ್ ಮಾಸ್ಟರೆಲ್ಲಿ? ಹನ್ನೊಂದು ವರ್ಷದಿಂದ ಆ ಹುದ್ದೆಯೇ ಖಾಲಿ!

"ನೀವೇ ಹಾಕಿಬಿಡಿ ಸಾರ್" ಅಂತ ಹೆಡ್‌ಮಾಸ್ಟರ ಮುಂದೆ ಗೋಗರೆದ. ಆ ಮನುಷ್ಯನಿಗೆ ಹುಡುಗರು ಇಟ್ಟ ಹೆಸರು ಕೆಂಪು ಪೆನ್ನು.

"ನಾನು ಸಹಿ ಹಾಕಿ, ನಾಳೆ ಒಂದು ಚೆಂಡು ಕಮ್ಮಿ ಬಂದ್ರೆ ನೀನು ತಂದ್ಕೊಡ್ತೀಯೇನಯ್ಯ? ಮೊದಲು ಸ್ಕೂಲಿನ ಚರಿತ್ರೆ ಬರೆದು ಮುಗಿಸು. ಆಮೇಲೆ ನೋಡೋಣ."

ಎಪ್ಪತ್ತೈದನೇ ವರ್ಷದ ಪುಸ್ತಕವಂತೆ. ನನ್ನ ತಂಗಿ ಮಗ ನಾಲ್ಕು ಸಲ ಬರೆದ. ತಗಡಿನ ಎರಡು ಕೋಣೆಯಲ್ಲಿ ಸ್ಕೂಲು ಶುರುವಾದದ್ದು, ಮಕ್ಕಳೇ ಬಾವಿ ತೋಡಿದ್ದು, ನಾಟಕದ ದಿನ ಸಿಂಹಾಸನದಲ್ಲಿದ್ದ ರಾಜನ ಸಮೇತ ಸ್ಟೇಜು ಕುಸಿದದ್ದು... ಒಂದೂ ಬಿಡಲಿಲ್ಲ. ನಾಲ್ಕು ಸಲವೂ ಕೆಂಪು ಗೀಟು ಬಿದ್ದದ್ದು ಒಂದೇ ಕಡೆ. "ಆ ಓಟದ ಹುಡುಗಿ ವಿಷಯ ತೆಗಿ." ಮೊದಲು ಒಂದು ಪುಟ ಇತ್ತು, ಆಮೇಲೆ ಒಂದು ಸಾಲಾಯಿತು. ಆ ರಾತ್ರಿ ಹಲ್ಲು ಕಚ್ಚಿ ಆ ಸಾಲನ್ನೂ ತೆಗೆದ. ಆದರೂ ಸಹಿ ಇಲ್ಲ. "ಬೆಳಿಗ್ಗೆ ಬಾ" ಅಂದು ಕೆಂಪು ಪೆನ್ನು ಮನೆಗೆ ಹೋಯಿತು.

ಆ ವಿಷಯ ನಾನು ಹೇಳ್ತೀನಿ, ನನ್ನ ಬಾಯಿಗೆ ಗೀಟು ಎಳೆಯೋರು ಯಾರೂ ಇಲ್ಲ. ನಲವತ್ತು ವರ್ಷದ ಹಿಂದೆ ಆ ಹುಡುಗಿ ಸ್ಕೂಲಿಗೆ ಓಟದಲ್ಲಿ ಮೂರು ಕಪ್ ತಂದಿದ್ದಳು. ಹತ್ತನೇ ಕ್ಲಾಸು ಪಾಸಾಗಿ ಟಿ.ಸಿ. ಕೇಳಿದರೆ ಆಗಿನ ಡ್ರಿಲ್ ಮಾಸ್ಟರು ಸಹಿ ಹಾಕಲಿಲ್ಲ. ಸ್ಕೂಲಿನ ಓಟದ ಬೂಟು ವಾಪಸ್ ಬಂದಿಲ್ಲವಂತೆ. ಬೂಟು ಎಲ್ಲಿತ್ತು? ಆತನ ನಾದಿನಿ ಕಾಲಲ್ಲಿ! ಅವಳು ಅದನ್ನೇ ಮೆಟ್ಟಿಕೊಂಡು ಪೇಟೆ ಸುತ್ತುತ್ತಿದ್ದಳು. ನಾದಿನಿಗೆ ಯಾಕೆ ಕೊಟ್ಟ ಅಂತ ನನ್ನ ಕೇಳಬೇಡಿ, ನಿಮಗೂ ವಯಸ್ಸಾಗಿದೆ. ಊರೆಲ್ಲ ನೋಡಿತು, ಊರೆಲ್ಲ ಬಾಯಿ ಮುಚ್ಚಿಕೊಂಡಿತು. ಹುಡುಗಿ ರಜೆಯೆಲ್ಲ ಆ ಒಂದು ಸಹಿಗೆ ಅಲೆದಳು. ಕಾಲೇಜಿಗೆ ಸೇರುವ ದಿನ ಕಳೆದೇ ಹೋಯಿತು. ಮಾರನೇ ದಿನ ಸ್ಕೂಲಿನ ಬಾವಿಯಲ್ಲಿ ಸಿಕ್ಕಳು. ಕಾಲು ಜಾರಿತು ಅಂತ ಬರೆದುಕೊಂಡರು. ಆ ಡ್ರಿಲ್ ಮಾಸ್ಟರು ಬೇರೆ ಯಾರೂ ಅಲ್ಲ, ಈ ಕೆಂಪು ಪೆನ್ನಿಗೆ ಹೆಣ್ಣು ಕೊಟ್ಟ ಮಾವ. ಗೊತ್ತಾಯ್ತಲ್ಲ, ಗೀಟು ಯಾಕೆ ಅಂತ?

ಸರಿ... ಇವನು ಬಾವಿ ಹತ್ತಿರ ಬಂದ. ರಾಟೆ ಕಿರ್‌ರ್‌ರ್ ಅಂತ ಅರ್ಧ ಸುತ್ತು ತಿರುಗಿ ನಿಂತಿತು. ಗಾಳಿ ಇರಲಿಲ್ಲ. ಹಿಂದೆ ಗಟ್ಟಿ ನೆಲದ ಮೇಲೆ ಬರಿಗಾಲು. ತಪ್... ತಪ್... ಇವನು ನಿಂತ. ಅದೂ ನಿಂತಿತು.

"ಸಾರ್..."

ಪಿಸುಮಾತು. ನೀಲಿ ಲಂಗ, ಎರಡು ಜಡೆ, ಕೈಯಲ್ಲಿ ನಾಲ್ಕು ಮಡಿಕೆಯ ಕಾಗದ.

"ಯಾರಮ್ಮ ನೀನು, ಇಷ್ಟು ಹೊತ್ತಲ್ಲಿ?"

"ಒಂದು ಸಹಿ ಸಾರ್."

"ನಾಳೆ ಆಫೀಸಿಗೆ ಬಾ."

"ದಿನಾ ಹಾಗೇ ಅಂತಾರೆ ಸಾರ್..."

ಇವನು ಕಾಗದ ತಗೊಂಡು ಟಾರ್ಚು ಬಿಟ್ಟ. ಪರಪರ ಅನ್ನುವ ಹಳದಿ ಹಾಳೆ. ಐದು ಸಹಿ ಇದೆ. ಆರನೇ ಜಾಗ ಖಾಲಿ.

ಆಗ ಗೊತ್ತಾಯಿತು ಅವನಿಗೆ, ಇವಳು ಯಾರು ಅಂತ. ಆದರೆ ನೋಡಿ, ಭಯಕ್ಕಿಂತ ಮುಂಚೆ ಸಿಟ್ಟೇ ಬಂತಂತೆ! "ಇವರ ಮನೆ ಹಾಳಾಗ! ಇನ್ನೆಷ್ಟು ವರ್ಷ ಅಲೆಸ್ತಾರೆ?" ಅಂತ ಬೈದು, ಬಾವಿಕಟ್ಟೆ ಮೇಲೆ ಕಾಗದ ಇಟ್ಟು, ಗುಮಾಸ್ತರ ರೂಢಿಯಂತೆ 'ಡ್ರಿಲ್ ಮಾಸ್ಟರ ಪರವಾಗಿ' ಅಂತ ಬರೆದು ತನ್ನ ಸಹಿ ಗೀಚಿದ. ಹಾಳೆ ಹರಿಯುವಷ್ಟು ಒತ್ತಿ.

"ಬೂಟು ನನ್ನ ಹತ್ರ ಇಲ್ಲ ಸಾರ್."

"ಗೊತ್ತಮ್ಮ. ಊರಿಗೇ ಗೊತ್ತು."

"ನಿಮ್ಮದಕ್ಕೆ ಯಾರು ಹಾಕಿಲ್ಲ?"

"ಅದೇ... ಡ್ರಿಲ್ ಮಾಸ್ಟರು."

ತಲೆ ಎತ್ತಿದರೆ ಯಾರೂ ಇಲ್ಲ. ಮೈದಾನದ ಕಡೆಯಿಂದ ಸದ್ದು ಮಾತ್ರ. ತಪ್ ತಪ್ ತಪ್ ತಪ್... ಯಾರೋ ಓಡುತ್ತಿದ್ದರು.

ಬೆಳಿಗ್ಗೆ ಚೀಲ ತೆಗೆದರೆ ಇವನ ಕಾಗದದಲ್ಲಿ ಆರನೇ ಸಹಿ ಇತ್ತು. ದುಂಡಗೆ, ಹಸಿರು ಶಾಯಿಯಲ್ಲಿ. ಕೆಂಪು ಪೆನ್ನು ಅದರ ಮೇಲೆ ಕಣ್ಣಾಡಿಸಿ, "ಇಷ್ಟೇ ತಾನೇ ಬೇಕಾಗಿದ್ದು?" ಅಂದು ಕೊನೆಯ ಸಹಿ ಒತ್ತಿತು. ಇವನು ಬಸ್ಸಿನಲ್ಲಿ ನಿಂತೇ ಹೋದ. ಐದಕ್ಕೆ ಹತ್ತು ನಿಮಿಷವಿರುವಾಗ ಹೊಸ ಆಫೀಸು ಮುಟ್ಟಿದ.

ಅಲ್ಲಿನ ಹೆಡ್ ಗುಮಾಸ್ತೆ ಬಲು ಗಟ್ಟಿ ಹೆಂಗಸು. "ಆ ಸ್ಕೂಲಲ್ಲಿ ಡ್ರಿಲ್ ಮಾಸ್ಟರೇ ಇಲ್ಲವಲ್ರೀ, ಇದು ಯಾರ ಸಹಿ?" ಅಂತ ಇವನೆದುರೇ ಫೋನು ಮಾಡಿ ಸ್ಪೀಕರಿಗೆ ಹಾಕಿದಳು.

ಕೆಂಪು ಪೆನ್ನಿನ ದನಿ, ಸಿಡುಕು ಸಿಡುಕಾಗಿ: "ಇಲ್ಲದೆ ಏನಮ್ಮ? ಮೇಡಂ ಇದ್ದಾರಲ್ಲ. ಮೈದಾನದಲ್ಲಿ ಹುಡುಗೀರನ್ನ ಓಡಿಸ್ತಿದ್ದಾರೆ, ಕೇಳಿಸ್ತಾ ಇಲ್ವಾ?"

ಕೇಳಿಸಿತು. ಫೋನಿನಲ್ಲಿ, ಅವನ ದನಿಯ ಹಿಂದಿನಿಂದ ಸೀಟಿ. ಪೀ‌...

ಅವಳು ಫೋನಿಟ್ಟು, ಇವನ ಹೆಸರು ಬರೆದುಕೊಂಡಳು.

ಸುಳ್ಳು ಅಂತೀರಾ? ಸುಳ್ಳು ಹೇಳಿ ನನಗೇನು ಆಗಬೇಕಿದೆ? ಆ ಹೆಂಗಸು ಇನ್ನೂ ಅಲ್ಲೇ ಕೆಲಸದಲ್ಲಿದ್ದಾಳೆ, ಹೋಗಿ ಕೇಳಿ. ಸೀಟಿ ಎಷ್ಟು ಸಲ ಕೇಳಿಸಿತು ಅಂತಲೂ ಹೇಳ್ತಾಳೆ. ಎರಡು ಸಲ... ಎರಡನೆಯದು ಫೋನು ಇಟ್ಟ ಮೇಲೆ.