ಮಳೆಯಲ್ಲಿ ಹೋದ ಉಗಿ ಇಂಜಿನ್

ಆಳಂದದ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತಿದ್ದ ಶಿವಕಾಂತಾಳ ಪಕ್ಕದ ಬೆಂಚಿಗೆ, ಕಲಬುರ್ಗಿ ಬಸ್ಸಿನಿಂದ ಇಳಿದ, ಮಳೆಯಲ್ಲಿ ತೊಯ್ದು ತೊಪ್ಪೆಯಾದ ಇಬ್ಬರು ಮಳೆ ನಿಲ್ಲಲೆಂದು ಬಂದು ಕುಳಿತರು. ಒಬ್ಬರು ಡ್ರಾಯಿಂಗ್ ಮಾಸ್ತರು ಜಗದೇವಪ್ಪ, ಇನ್ನೊಬ್ಬ ಟೇಲರ್ ಅಂಬಾರಾಯ. ರೈಲಿಲ್ಲದ ಊರಿನಲ್ಲಿ ರೈಲಿನ ಹುಚ್ಚಿಗೆ ಹೆಸರಾದವರು.

“ಉಗಿ ಇಂಜಿನ್ ಇವತ್ತೇ ಕಡೀ ಸಲ ಬರ್ತದಂತ ಕಲಬುರ್ಗಿತನಕ ಎಳಕೊಂಡು ಹೋದ್ರಿ, ಮಾಸ್ತರ.”

“ಬಂತಲ್ಲೋ ಅಂಬಾರಾಯ.”

“ಬಂತ್ರಿ. ಅಷ್ಟೊತ್ತಿಗಿ ಗಾಳಿಗಿ ನಿಮ್ಮ ಛತ್ರಿ ಉಲ್ಟಾ ಆಗಿ ನನ್ನ ಮಾರಿ ಮ್ಯಾಲೆ ಕುಂತಿತ್ತು. ನನಗ ಛತ್ರಿ ಬಿಟ್ಟು ಬ್ಯಾರೆ ಏನೂ ಕಾಣಲಿಲ್ಲ.”

“ನನ್ನ ಚಸ್ಮಾ ತುಂಬ ನೀರು. ಕರ್ರಗ ಏನೋ ಹೋತು. ಎಮ್ಮಿ ಅಂದಿದ್ರೂ ನಂಬ್ತಿದ್ದೆ.”

ಶಿವಕಾಂತಾ ಸೆರಗು ಬಾಯಿಗಿಟ್ಟು ನಕ್ಕಳು.

“ಮನ್ಯಾಗ ಏನು ಹೇಳೂದ್ರಿ?”

“ಇಂಜಿನ್ ಸೀಟಿ ಕೇಳಿದ್ವಿ ಅಂತ ಹೇಳು. ಅದು ಖರೇನೇ ಅದ.”

“ಸೀಟಿ ಹೊಡದಾಗ ನೀವು ಅಳಾಕತ್ತಿದ್ರಿ.”

“ಮಳಿ ಹನಿ ಅವು! ಕಣ್ಣಿಗಿ ಏನೂ ಕಾಣಲಿಲ್ಲ ಅಂದಿ, ಅದು ಹೆಂಗ ಕಂಡಿತು?”

“ಬಿಕ್ಕೋದು ಕೇಳಿತ್ರಿ.”

ಮಾಸ್ತರು ಚಸ್ಮಾ ತೆಗೆದು, ತೊಯ್ದ ಅಂಗಿಯಿಂದಲೇ ಒರೆಸತೊಡಗಿದರು. ಹೊರಗೆ ಮಳೆ ನಿಂತಿತು.

“ನಡೀರಿ,” ಎಂದು ಅಂಬಾರಾಯ ಅವರ ಕೈ ಹಿಡಿದು ಎಬ್ಬಿಸಿದ. “ನಾನೂ ಅಳಾಕತ್ತಿದ್ನಿರಿ. ಛತ್ರಿ ಇದ್ದದ್ದು ಛಲೋ ಆತು.”

ಇಬ್ಬರೂ ಕೆಸರು ದಾಟುತ್ತ ಬಜಾರದ ಕಡೆ ಹೋದರು.