ಡಬ್ಬಿಯೊಳಗಿನ ಒದ್ದೆ ಬ್ರೆಡ್ಡು

ಬಸ್ಸಿನ ಕಂಬಿ ಹಿಡಿದು ನಿಂತಿದ್ದ ದರ್ಜಿಯಮ್ಮನ ಕಣ್ಣು ಕಿಟಕಿಯಾಚೆಗಿದ್ದರೂ ಕಿವಿಯೆಲ್ಲ ಎದುರು ಸೀಟಿನ ಅತ್ತೆ ಸೊಸೆಯ ಕಡೆಗೇ ಇತ್ತು. ತೊಡೆಯ ಮೇಲಿನ ಡಬ್ಬಿಯ ಮುಚ್ಚಳ ತೆಗೆದವಳೇ ಸೊಸೆ ಬೆಚ್ಚಿಬಿದ್ದಳು.

"ಅಯ್ಯೋ ಅತ್ತೆ, ಬ್ರೆಡ್ಡೆಲ್ಲ ನೆನೆದು ಮುದ್ದೆಯಾಗಿದೆ!"

"ವಿನೆಗರ್ ಯಾವಾಗ ಹಾಕ್ದೆ?"

"ಬೆಳಗ್ಗೆ ಎದ್ದ ತಕ್ಷಣ."

"ಒಳ್ಳೇ ಕೆಲಸ ಮಾಡ್ದೆ. ಅಷ್ಟೊತ್ತು ಇಟ್ರೆ ಬ್ರೆಡ್ ಅದನ್ನೆಲ್ಲ ಹೀರ್ಕೊಳ್ದೆ ಇರುತ್ತಾ?"

"ಹನ್ನೊಂದಕ್ಕೆ ಕ್ಯಾಂಟೀನಿನ ದೊಡ್ಡ ಅಡುಗೆಯವ್ರು ರುಚಿ ನೋಡ್ತಾರೆ. ಇಟಲಿ ಸ್ಯಾಂಡ್‌ವಿಚ್ ತರ್ತೀನಿ ಅಂತ ಬೇರೆ ಹೇಳ್ಬಿಟ್ಟಿದ್ದೀನಿ. ಈ ಕೆಲಸಾನೂ ಕೈತಪ್ಪಿಹೋಯ್ತು."

"ಅಳೋದೆಲ್ಲ ಆಮೇಲೆ. ಬ್ರೆಡ್ ನಾನು ತೆಗೀತೀನಿ, ನೀನು ಸಲಾಮಿ ಮಾಂಸ, ಚೀಸು ಚೂರು ಮಾಡು."

"ಕೈಯಲ್ಲೇನಾ?"

"ಮತ್ತೆ? ಈರುಳ್ಳಿ, ಆಲಿವ್, ಸೊಪ್ಪು ಎಲ್ಲಾ ಒಳಗೇ ಇದೆಯಲ್ಲ. ಮುಚ್ಚಳ ಹಾಕಿ ಕುಲುಕಿದ್ರೆ ಸಲಾಡ್ ಆಯ್ತು."

"ಇನ್ನೊಂದೇ ಸ್ಟಾಪು, ಅತ್ತೆ!"

"ಮುಚ್ಚಳ ಹಾಕೇ, ಬಸ್ಸೇ ಕುಲುಕುತ್ತೆ."

"ಸ್ಯಾಂಡ್‌ವಿಚ್ ಎಲ್ಲಿ ಅಂತ ಕೇಳಿದ್ರೆ?"

"ತಂದಿದ್ದೆ, ಬ್ರೆಡ್ ಮಾತ್ರ ಹಿಂದಿನ ಸ್ಟಾಪಲ್ಲೇ ಇಳಿದುಹೋಯ್ತು ಅನ್ನು."

ಸೊಸೆ ಅಳುತ್ತಲೇ ನಕ್ಕಳು. ಬಸ್ಸು ನಿಂತಿತು. ಡಬ್ಬಿಯನ್ನು ಎದೆಗವಚಿಕೊಂಡು ಅವಳು ಇಳಿದು, "ಅತ್ತೆ, ಬೇಗ ಬನ್ನಿ!" ಎಂದು ಕೂಗಿದಳು. ಅತ್ತೆ ಬರೀ ಕೈಸನ್ನೆ ಮಾಡುತ್ತ ಇಳಿದರು. ಹಿಂದಿನ ಸ್ಟಾಪಿನಲ್ಲಿ ಇಳಿದುಹೋಗಿದ್ದ ಬ್ರೆಡ್ಡು ಅವರ ಬಾಯಿ ತುಂಬ ಇತ್ತು.