ಹೆಸರು ಹೇಳದ ಹಿದಾಯತ್ ಉಲ್ಲಾ

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕುಳಿತಿರುವ ಸಾಹೇಬರ ಮಡದಿ ಜಮೀಲಾ ಆಪಾ, ಮಗ ಫಹೀಮ್, ಚಾಮರಾಜನಗರದ ಹಿರಿಯರೇ, ಗುಂಡ್ಲುಪೇಟೆಯಿಂದ ಬಸ್ಸು ಹಿಡಿದು ಬಂದಿರುವ ಬಂಧುಗಳೇ — ನಾನು ನಾಗಲಕ್ಷ್ಮಿ. ಹಿದಾಯತ್ ಉಲ್ಲಾ ಸಾಹೇಬರು ಕೆಲಸ ಕೊಡಿಸುವ ಕಚೇರಿ ನಡೆಸುತ್ತಿದ್ದರಲ್ಲ, ಅದರ ಗುಂಡ್ಲುಪೇಟೆ ಶಾಖೆ ನೋಡಿಕೊಳ್ಳುವವಳು. ಮೈಕನ್ನು ಎಡಗೈಯಲ್ಲಿ ಹಿಡಿದಿದ್ದೇನೆ, ಮಾತು ಸರಿಯಾಗಿ ಕೇಳಿಸದಿದ್ದರೆ ಹೇಳಿ.

ಇಂಥ ಸಭೆಯಲ್ಲಿ 'ಅಗಲಿದರು' ಎನ್ನುವುದು ವಾಡಿಕೆ. ಆ ಮೆತ್ತನೆಯ ಮಾತು ನನ್ನ ಬಾಯಿಗೆ ಬರುತ್ತಿಲ್ಲ. ಸಾಹೇಬರು ಕಾಯಿಲೆಯಿಂದ ಹೋಗಲಿಲ್ಲ, ವಯಸ್ಸಾಗಿ ಹೋಗಲಿಲ್ಲ. ಅವರನ್ನು ಹೊಡೆದು ಕೊಂದರು — ಹೊಡೆದು ಕೊಂದರು. ನಾನು ಅದೇ ಕೋಣೆಯಲ್ಲಿದ್ದೆ. ಆದದ್ದನ್ನು ಆದ ಹಾಗೆ ಹೇಳಲೇ ಎಂದು ಮನೆಯವರನ್ನು ಕೇಳಿದೆ. "ಹೇಳು ಬೇಟಿ, ಒಂದೂ ಮುಚ್ಚಬೇಡ," ಎಂದರು ಜಮೀಲಾ ಆಪಾ.

ಸಾಹೇಬರ ಕಚೇರಿಗೆ ಹೋದವರಿಗೆ ಅವರ ರೀತಿ ಗೊತ್ತು. ಇನ್ನೂ ಮೀಸೆ ಬಾರದ ಐಟಿಐ ಹುಡುಗ ಬಂದರೂ "ಬನ್ನಿ, ಕೂತ್ಕೊಳ್ಳಿ" ಎಂದೇ ಶುರು. ಏಕವಚನ ಇಲ್ಲವೇ ಇಲ್ಲ. ಓದು, ಅನುಭವ ಆಮೇಲೆ. ಮೊದಲು ಕೇಳುತ್ತಿದ್ದದ್ದು, "ಈಗ ಕೆಲಸ ಮಾಡ್ತಿರೋ ಕಡೆ ವಿಷಯ ಗೊತ್ತಾದ್ರೆ ನಿಮಗೆ ತೊಂದರೆ ಆಗುತ್ತಾ?" ಆಗುತ್ತೆ ಎಂದರೆ ಮುಗಿಯಿತು. ಕಂಪನಿಯವರು ಸಂದರ್ಶನಕ್ಕೆ ಕರೆಯುವವರೆಗೂ ಇಂಥವರು, ಇಂಥ ಊರು ಎಂದು ಬಾಯಿ ಬಿಡುತ್ತಿರಲಿಲ್ಲ. ಒಮ್ಮೆ ನಾನು ಬೇಸತ್ತು, "ಸಾರ್, ಹೆಸರು ಕೊಟ್ರೆ ಬೇಗ ಕೆಲಸ ಆಗುತ್ತೆ," ಎಂದೆ. "ಹೆಸರು ಅವರದು ನಾಗಲಕ್ಷ್ಮಿಯವರೇ. ನಮ್ಮನ್ನ ನಂಬಿ ಇಟ್ಟು ಹೋಗಿದ್ದಾರೆ," ಎಂದರು.

ಹೀಗೆ ನಂಬಿ ಬಂದವನು ಸಂತೆಮರಹಳ್ಳಿಯ ದಿಲೀಪ್. ನಾನು ಈ ಹೆಸರನ್ನು ಅವನ ಒಪ್ಪಿಗೆ ಪಡೆದು ಹೇಳುತ್ತಿದ್ದೇನೆ. ಹೇಳಬಹುದು ಎಂದು ಅವನೇ ವಕೀಲರ ಕೈಲಿ ತಿಳಿಸಿದ್ದಾನೆ.

ದಿಲೀಪ್ ಚಾಮರಾಜನಗರದ ಹೊರವಲಯದ ಒಂದು ಕರಿಕಲ್ಲಿನ ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಿದ್ದ. ಅಲ್ಲಿ ಪುಣಜನೂರಿನ ರಂಗಸ್ವಾಮಿ ಎಂಬ ಕೂಲಿ ಕಲ್ಲಿನ ದಿಮ್ಮಿಯಡಿ ಸಿಕ್ಕು ಸತ್ತ. ಕ್ರೇನಿನ ಸವೆದ ಕೊಕ್ಕೆಯನ್ನು ಬದಲಾಯಿಸಿ ಎಂದು ಆಪರೇಟರುಗಳು ಗೋಗರೆದಿದ್ದರು, ಯಜಮಾನ ಬದಲಾಯಿಸಿರಲಿಲ್ಲ. ಹೆಣವನ್ನು ರಸ್ತೆ ಪಕ್ಕ ಹಾಕಿಸಿ, ಬೈಕಿನಿಂದ ಬಿದ್ದು ಸತ್ತ ಎಂದು ಕಥೆ ಕಟ್ಟಿದ. ದಿಲೀಪನೂ ಸೇರಿ ಕಣ್ಣಾರೆ ನೋಡಿದ ಮೂವರು ಆಪರೇಟರುಗಳನ್ನು ನಿಲ್ಲಿಸಿಕೊಂಡು, "ಬಾಯ್ಬುಟ್ರೆ ಅದೇ ಕಲ್ಲಡೀಕೆ ನೀವೂ ಓಯ್ತೀರಿ," ಎಂದ.

ದಿಲೀಪನಿಗೆ ಆ ಕ್ರೇನು ಮುಟ್ಟಲು ಆಗುತ್ತಿರಲಿಲ್ಲ. ಬೇರೆ ಕೆಲಸ ಬೇಕಿತ್ತು. ಇಲ್ಲಿ ಚಾಮರಾಜನಗರದ ಕಚೇರಿಗೆ ಬಂದರೆ ಯಾರಾದರೂ ನೋಡಿಯಾರೆಂದು ಗುಂಡ್ಲುಪೇಟೆಗೆ ಬಂದ. ಅವನ ವಿವರ ಬರೆದುಕೊಂಡವಳು ನಾನೇ. ಸಾಹೇಬರೂ ಇದ್ದರು. "ಸಾ, ಅವ್ರಿಗ್ ಗೊತ್ತಾದ್ರೆ ನನ್ನ ಉಳ್ಸಾಕಿಲ್ಲ," ಎಂದ. "ನಮ್ಮಿಂದ ಗೊತ್ತಾಗೋದಿಲ್ಲ, ಧೈರ್ಯವಾಗಿ ಹೋಗಿ," ಎಂದರು ಸಾಹೇಬರು.

ನಮ್ಮಿಂದ ಗೊತ್ತಾಗಲಿಲ್ಲ. ನಂಜನಗೂಡಿನ ಕಡೆಯ ಕಂಪನಿಯೊಂದಕ್ಕೆ, ಕಲ್ಲಿನ ದಿಮ್ಮಿ ಎತ್ತುವ ದೊಡ್ಡ ಕ್ರೇನ್ ನಡೆಸಿದ ಆಪರೇಟರ್ ಒಬ್ಬರಿದ್ದಾರೆ ಎಂದಷ್ಟೇ ತಿಳಿಸಿದ್ದೆವು. ಅಲ್ಲಿ ಜನರನ್ನು ಸೇರಿಸಿಕೊಳ್ಳುವ ಅಧಿಕಾರಿಗೆ ಆತುರ. ಅಷ್ಟು ದೊಡ್ಡ ಕ್ರೇನ್ ಇರುವ ಕಾರ್ಖಾನೆ ನಮ್ಮ ಕಡೆ ಎಷ್ಟಿವೆ? ಊಹಿಸಿ, ನೇರ ಆ ಯಜಮಾನನಿಗೇ ಫೋನ್ ಮಾಡಿದರು. "ನಿಮ್ಮ ಆಪರೇಟರ್ ಒಬ್ಬರು ಗುಂಡ್ಲುಪೇಟೆ ಕಚೇರಿ ಮೂಲಕ ಕೆಲಸ ಕೇಳಿದ್ದಾರೆ, ಆಸಾಮಿ ಹೇಗೆ?" — ಇಷ್ಟೇ. ಅವರಿಗದು ದಿನದ ಹತ್ತಾರು ಫೋನುಗಳಲ್ಲಿ ಒಂದು.

ಮಂಗಳವಾರ ಮಧ್ಯಾಹ್ನ ಯಜಮಾನ ನಮ್ಮ ಮೆಟ್ಟಿಲು ಹತ್ತಿದ. ಜೊತೆಗೆ ಇಬ್ಬರು ರೌಡಿಗಳು. ಅವರ ಹಿಂದೆ ಆ ಮೂವರು ಆಪರೇಟರುಗಳು. ಕೊನೆಯವನು ದಿಲೀಪ್.

ಕದ ಹಾಕಿದರು. ನನ್ನ ಫೋನನ್ನು ಗೋಡೆಗೆ ಬಡಿದರು. ಕೆಳಗೆ ಟೈರ್ ಅಂಗಡಿಯ ಗಾಳಿ ಯಂತ್ರದ ಸದ್ದು, ರಸ್ತೆಯಲ್ಲಿ ಲಾರಿಗಳ ಸದ್ದು — ಕೂಗಿದರೂ ಯಾರಿಗೆ ಕೇಳಬೇಕು?

"ಇವ್ರಲ್ಲಿ ಒಬ್ಬ ನಿನ್ ತಾವ್ಕೆ ಬಂದವ್ನೆ," ಎಂದ ಯಜಮಾನ. "ಕೆಲ್ಸ ಬುಟ್ಟೋಗೋನು ಬಾಯೂ ಬುಡ್ತಾನೆ. ಮೂರೂ ಜನ್ವ ಕರ್ಕೊಂಡ್ ಬಂದಿವ್ನಿ. ಯಾವನು ಅಂತ ತೋರ್ಸ್ಬುಡು, ಒಂಟೋಯ್ತೀನಿ."

ಸಾಹೇಬರು ಮೂವರನ್ನೂ ಒಂದೇ ಸಮ ನೋಡಿದರು. "ಇವರ್ಯಾರೂ ನನಗೆ ಗೊತ್ತಿಲ್ಲ ಸ್ವಾಮಿ. ಗೊತ್ತಿದ್ದರೂ ಹೇಳೋದಿಲ್ಲ."

ಮೊದಲ ಏಟು ಕಪಾಳಕ್ಕೆ ಬಿತ್ತು. ಕನ್ನಡಕ ಒಡೆದು ಗಾಜು ಕೆನ್ನೆಗೆ ಹೊಕ್ಕಿತು. ಕುರ್ಚಿಯಿಂದ ಎಳೆದು ಕೆಡವಿದರು. ಹೊಟ್ಟೆಗೆ ಒದ್ದರು, ಎದೆಗೆ ಒದ್ದರು. ಅವರು ಹೇಳಲಿಲ್ಲ. ಆಗ ನನ್ನ ಕಡೆ ತಿರುಗಿ, ನನ್ನ ಬಲಗೈಯನ್ನು ಬೀರುವಿನ ಬಾಗಿಲ ಸಂದಿಗೆ ತುರುಕಿ ಬಾಗಿಲನ್ನು ಒದ್ದರು — ಈ ಕೈ, ನೋಡಿ. ನೋವಿಗಿಂತ ಮೊದಲು ಬೆರಳು ಮುರಿದ ಸದ್ದು ಬಂತು. ದಿಲೀಪ್ ನನ್ನಿಂದ ಒಂದು ಮಾರು ದೂರದಲ್ಲಿದ್ದ. ಮೂಳೆ ಇನ್ನೊಂದು ಸಲ ಮುರಿಯುವ ಮೊದಲು ಕಣ್ಣಿನಲ್ಲೇ ತೋರಿಸಿಬಿಡಬಹುದಿತ್ತು. ಸಾಹೇಬರು ನೆಲದಲ್ಲಿ ಬಿದ್ದಲ್ಲಿಂದಲೇ ನನ್ನನ್ನು ನೋಡಿದರು. ನಾನು ಹಲ್ಲು ಕಚ್ಚಿ ಕಣ್ಣು ಮುಚ್ಚಿಕೊಂಡೆ.

ಆಮೇಲೆ ಯಜಮಾನ ಒಂದು ಕಬ್ಬಿಣದ ಸಲಾಕೆಯನ್ನು ಮೊದಲ ಆಪರೇಟರನ ಕೈಗೆ ಕೊಟ್ಟ. "ಒಬ್ಬೊಬ್ರೂ ಒಂದೊಂದ್ ಬುಡಿ. ಯಾವನ್ ಕೈ ನಡುಗ್ತದೋ ಅವನೇ ಕಣ್ಲಾ."

ಮೊದಲನೆಯವನು ಬೆನ್ನಿಗೆ ಹೊಡೆದ. ಎರಡನೆಯವನು ಮೊಣಕಾಲಿಗೆ. ಸಲಾಕೆ ದಿಲೀಪನ ಕೈಗೆ ಬಂತು. ಕೈ ಮೇಲೇಳಲಿಲ್ಲ. ಯಜಮಾನ ಅವನ ಮುಖವನ್ನೇ ನೋಡುತ್ತಿದ್ದ. ಇನ್ನೊಂದು ಗಳಿಗೆ ಹಾಗೇ ನಿಂತಿದ್ದರೆ ಅವನ ಕಥೆ ಮುಗಿಯುತ್ತಿತ್ತು.

ಆಗ ಸಾಹೇಬರು ತಲೆ ಎತ್ತಿದರು. ಬಾಯ ತುಂಬ ರಕ್ತ. ಅದನ್ನು ದಿಲೀಪನ ಕಾಲ ಬಳಿ ಉಗಿದು, "ಏಯ್, ಯಾವನಲಾ ನೀನು?" ಎಂದರು. "ಅದನ್ನ ಎತ್ತೋಕೂ ತಾಕತ್ತಿಲ್ವಾ? ನಿನ್ನಂಥ ನಾಮರ್ದನಿಗೆ ಯಾವನಲಾ ಕೆಲಸ ಕೊಡ್ತಾನೆ?"

ಯಾರಿಗೂ ಏಕವಚನ ಆಡದ ಬಾಯಿ. ಆ ಒಂದೇ ಸಲ ಆಡಿತು — ಒಬ್ಬನನ್ನು ಉಳಿಸುವುದಕ್ಕೆ. ರೌಡಿಗಳು ನಕ್ಕರು. ಯಜಮಾನನೂ ನಕ್ಕ. ದಿಲೀಪ್ ಹೊಡೆದ.

ಬೆನ್ನಿಗೆ ಗುರಿ ಇಟ್ಟಿದ್ದೆ ಎಂದು ಅವನು ಪೊಲೀಸರಿಗೆ ಹೇಳಿದ್ದಾನೆ. ಇರಬಹುದು. ಏಟು ತಲೆಗೆ ಬಿದ್ದದ್ದನ್ನು ನಾನು ನೋಡಿದ್ದೇನೆ.

"ಇವ್ರಲ್ಲಿ ಯಾವನೂ ಅಲ್ಲ, ನಡೀರ್ಲಾ," ಎಂದು ಯಜಮಾನ ಇಳಿದು ಹೋದ. ಟೈರ್ ಅಂಗಡಿಯವರು ಸಾಹೇಬರನ್ನು ಹೊತ್ತು ಕಾರಿಗೆ ಹಾಕಿದರು. ಮೈಸೂರಿನ ಆಸ್ಪತ್ರೆಯಲ್ಲಿ ಅವರಿಗೆ ಮತ್ತೆ ಎಚ್ಚರ ಬರಲಿಲ್ಲ.

ಸಾವಿನ ಸುದ್ದಿ ಮುಟ್ಟಿದ ದಿನವೇ ದಿಲೀಪ್ ಠಾಣೆಗೆ ನಡೆದು ಹೋದ. ತಾನು ಹೊಡೆದದ್ದನ್ನು ಹೇಳಿದ, ಹೊಡೆಸಿದವನ ಹೆಸರು ಹೇಳಿದ, ರಂಗಸ್ವಾಮಿ ಹೇಗೆ ಸತ್ತ ಎಂಬುದನ್ನೂ ಹೇಳಿದ. ಈಗ ಯಜಮಾನನೂ ಒಳಗಿದ್ದಾನೆ, ದಿಲೀಪನೂ ಒಳಗಿದ್ದಾನೆ. ಪುಣಜನೂರಿನ ಆ ಸಂಸಾರಕ್ಕೆ ತಮ್ಮ ಮನೆಯವನ ಸಾವು ಎಂಥದ್ದೆಂದು ಈಗ ಗೊತ್ತಾಗಿದೆ. ಅವರೂ ಇವತ್ತು ಇಲ್ಲಿ ಬಂದು ಕುಳಿತಿದ್ದಾರೆ.

ಕಂಪನಿಗಳಲ್ಲಿ ಜನರನ್ನು ಆರಿಸುವವರು ಕೆಲವರು ಬಂದಿದ್ದೀರಿ. ನಿಮಗೆ ಗಟ್ಟಿಯಾಗಿಯೇ ಹೇಳುತ್ತೇನೆ, ಬೇಜಾರಾದರೆ ಆಗಲಿ. ಕೆಲಸ ಕೇಳಿ ಬಂದವರು ನಿಮ್ಮ ಸ್ವತ್ತಲ್ಲ. ಅವರನ್ನು ಕೇಳದೆ ಅವರ ಯಜಮಾನರಿಗೆ ಫೋನ್ ಮಾಡಬೇಡಿ. ಆ ಕಡೆ ಫೋನ್ ಎತ್ತುವವನ ಕೈಯಲ್ಲಿ ಏನಿದೆ ಎಂದು ನಿಮಗೆ ಕಾಣುವುದಿಲ್ಲ. ನಮಗೆ ಕಂಡಿದೆ.

ಇನ್ನೊಂದು ಮಾತು. ನಾನು ವೇದಿಕೆ ಹತ್ತುವಾಗ ಜಮೀಲಾ ಆಪಾ ನನ್ನ ಸೆರಗು ಹಿಡಿದು ನಿಲ್ಲಿಸಿದರು. ದಿಲೀಪನ ತಾಯಿ ಚಿಕ್ಕಮಲ್ಲಮ್ಮ ಬೆಳಿಗ್ಗೆಯಿಂದ ಗೇಟಿನ ಹೊರಗೆ ನಿಂತಿದ್ದಾರೆ. ಒಳಗೆ ಬರಲು ಧೈರ್ಯವಿಲ್ಲ, ವಾಪಸು ಹೋಗಲು ಮನಸ್ಸಿಲ್ಲ. ಆಪಾ ಹೇಳಿದ್ದನ್ನು ಹಾಗೇ ಹೇಳುತ್ತೇನೆ: "ಅವನನ್ನ ನಾನು ಮಾಫ್ ಮಾಡಿಲ್ಲ, ಮಾಡ್ತೀನೋ ಇಲ್ವೋ ಗೊತ್ತಿಲ್ಲ. ಆದ್ರೆ ಆ ಹೆಂಗಸು ಬಿಸಿಲಲ್ಲಿ ನಿಲ್ಲೋದು ಬೇಡ. ನನ್ನ ಪಕ್ಕ ಜಾಗ ಇದೆ."

ಬಾಗಿಲ ಹತ್ತಿರ ಇರುವವರು ಸ್ವಲ್ಪ ದಾರಿ ಬಿಡಿ. ಫಹೀಮ್, ನೀನೇ ಹೋಗಿ ಕರೆದುಕೊಂಡು ಬರ್ತೀಯಾ? — ಹೋಗು.

ಅವರು ಬರುವವರೆಗೂ ಕಾಯೋಣ.

ಬಂದರು. ಬನ್ನಿ ಅಮ್ಮ.

ಈಗ ಎಲ್ಲರೂ ಎದ್ದು ನಿಲ್ಲಿ. ಪ್ರಾರ್ಥನೆ ಬರುವವರು ಮನಸ್ಸಿನಲ್ಲೇ ಪ್ರಾರ್ಥಿಸಿ. ಸಿಟ್ಟು ಇಳಿಯದವರು ಆ ಸಿಟ್ಟಿನೊಂದಿಗೇ ನಿಲ್ಲಿ. ಮಾತು ಮಾತ್ರ ಯಾರೂ ಆಡುವುದು ಬೇಡ.